ಎಂಜಿನ್ ಇಳಿಸುವ ಮುಂಚೆ: ಆಯಿಲ್ ಕುಡಿಯುವ ಕಾರಿನ ರಿಪೇರಿ

ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ ಹಳೇ ಪೇಪರ್ ಮೇಲೆ ಸಾಲಾಗಿ ಇಟ್ಟಾಗ ಮೂರನೇದು ಎದ್ದು ಕಂಡಿತು. ಒಂದು, ಎರಡು, ನಾಲ್ಕನೇ ಸಿಲಿಂಡರಿನ ಪ್ಲಗ್‌ಗಳು ಹೆಚ್ಚುಕಮ್ಮಿ ಸರಿಯಾಗಿಯೇ ಇದ್ದವು. ಪಿಂಗಾಣಿ ಮೂತಿ ಕಂದು ಬಣ್ಣ, ಅಂಚಿನಲ್ಲಿ ಸ್ವಲ್ಪ ಕರಿ. ಮೂರನೇದರ ಕಥೆಯೇ ಬೇರೆ. ಎಲೆಕ್ಟ್ರೋಡ್ ಸುತ್ತ ಹೊಳೆಯುವ ಒದ್ದೆ ಕಪ್ಪು, ಒಳಸಂದಿಯಲ್ಲಿ ಗಟ್ಟಿಯಾದ ಕರಕಲು. ಬೆರಳಲ್ಲಿ ಉಜ್ಜಿದರೆ ಜಾರುತ್ತದೆ. ಟಿಶ್ಯೂಗೆ ಒರೆಸಿದರೆ ಎಣ್ಣೆ ಕಲೆ ಹರಡುತ್ತದೆ. ಸಂಜೆವರೆಗೆ ಬಿಟ್ಟರೂ ಆರುವುದಿಲ್ಲ. ಪೆಟ್ರೋಲ್ ಆಗಿದ್ದರೆ ಮೂಗಿನ ಹತ್ತಿರ ತಂದ ತಕ್ಷಣ ಗೊತ್ತಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ಆರಿಯೂ ಹೋಗುತ್ತಿತ್ತು. ಪೆಟ್ರೋಲ್ ಪ್ರಮಾಣ ಜಾಸ್ತಿಯಾಗಿ ಕಟ್ಟಿದ ಮಸಿಯಾಗಿದ್ದರೆ ಒಣಗಿರುತ್ತಿತ್ತು, ಒರೆಸಿದರೆ ಪುಡಿ ಬರುತ್ತಿತ್ತು. ಇದು ಎಂಜಿನ್ ಆಯಿಲ್ಲೇ, ಅನುಮಾನ ಬೇಡ.

ಕಾರು ಮಂಡ್ಯದ ಚಿಕ್ಕಪ್ಪನದು. ಒಂದು ಲೀಟರಿನ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್, 16 ವಾಲ್ವ್, ತಲೆಯ ಮೇಲೆ ಒಂದೇ ಕ್ಯಾಮ್‌ಶಾಫ್ಟ್. ಕಂಪನಿ ಹೆಸರು ಬೇಡ. ವಯಸ್ಸಾದ ಯಾವ ಎಂಜಿನ್‌ಗೂ ಬರುವ ಕಾಯಿಲೆ ಇದು, ತಯಾರು ಮಾಡಿದವರದ್ದೇನೂ ತಪ್ಪಿಲ್ಲ. ಚಿಕ್ಕಪ್ಪ ಬೇರೆ ಗಾಡಿ ತಗೊಂಡರು, ಇದು ಮೈಸೂರಿಗೆ ನನ್ನ ಮನೆ ಮುಂದೆ ಬಂದು ನಿಂತಿತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಸಿಗ್ನಲ್‌ನಲ್ಲಿ ನಿಂತಾಗ ಸ್ಟಿಯರಿಂಗ್‌ನಲ್ಲಿ ನಡುಕ. ಆಕ್ಸಿಲರೇಟರ್ ಒತ್ತಿದರೆ ಮಿಸ್ಸಿಂಗ್.

ತೋರಿಸಿದ ಕಡೆಯೆಲ್ಲ ಒಂದೇ ಮಾತು. "ಸಾರ್, ರಿಂಗ್ ಹೋಗೈತೆ. ಎಂಜಿನ್ ಇಳಿಸಿ ಬೋರ್ ಮಾಡಿಸ್ಬೇಕು." ಹೇಳಿದ ಖರ್ಚು ಗಾಡಿಯ ಬೆಲೆಯ ಹತ್ತಿರ ಹತ್ತಿರ ಇತ್ತು. ಹೊಗೆ ನೋಡಿದರು, ತಲೆ ಆಡಿಸಿದರು, ಅಷ್ಟೇ. ಒಬ್ಬರೂ ಪ್ಲಗ್ ಬಿಚ್ಚಲಿಲ್ಲ. ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆದು ಹೋಗಿದ್ದರೆ ಮಾಡಿಸಲೇಬೇಕು, ಅದು ಸರಿ. ಆದರೆ ಆಯಿಲ್ ಯಾವ ದಾರಿಯಲ್ಲಿ ಒಳಗೆ ಹೋಗುತ್ತಿದೆ ಅಂತ ತಿಳಿಯದೆ ಎಂಜಿನ್ ಇಳಿಸುವುದು ಯಾವ ಲೆಕ್ಕ?

ದಾರಿಗಳು ಬಹಳ ಇಲ್ಲ. ಕೆಳಗಿನಿಂದ ಪಿಸ್ಟನ್ ರಿಂಗ್ ದಾಟಿ ಬರಬಹುದು. ಮೇಲಿನಿಂದ ವಾಲ್ವ್ ಕಡ್ಡಿಯ ಪಕ್ಕ, ಸೀಲ್ ದಾಟಿ ಇಳಿಯಬಹುದು. ಎಂಜಿನ್ ಹೊಟ್ಟೆಯ ಗ್ಯಾಸನ್ನು ಮತ್ತೆ ಗಾಳಿಯ ದಾರಿಗೆ ಕಳಿಸುವ ಪಿಸಿವಿ ವಾಲ್ವ್ ಹಾಳಾಗಿ, ಗಾಳಿಯ ಜೊತೆ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಹೋಗಬಹುದು. ಇಲ್ಲವಾದರೆ ಒಳಗೆ ಹೋಗುತ್ತಲೇ ಇಲ್ಲ, ಎಲ್ಲೋ ಹೊರಗೆ ಸೋರುತ್ತಿದೆ. ಇವುಗಳಲ್ಲಿ ರಿಂಗ್ ಕೆಲಸ ಒಂದಕ್ಕೆ ಮಾತ್ರ ಎಂಜಿನ್ ಬಿಚ್ಚಿ ಹರಡಬೇಕು. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಂಡೆ. ಕಾಸಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಆಮೇಲೆ.

ಪ್ಲಗ್ ಗುಂಡಿಯಲ್ಲಿ ನಿಂತ ಆಯಿಲ್

ಪ್ಲಗ್ ಬಿಚ್ಚುವ ಮುಂಚಿನ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಈ ಥರದ ಎಂಜಿನ್‌ನಲ್ಲಿ ಪ್ಲಗ್‌ಗಳು ಟ್ಯಾಪೆಟ್ ಕವರಿನ (ಎಂಜಿನ್ ತಲೆಯ ಮೇಲಿನ ಮುಚ್ಚಳ) ನಡುವೆ ಆಳದ ಗುಂಡಿಗಳಲ್ಲಿ ಕೂತಿರುತ್ತವೆ. ಗುಂಡಿಯ ಸುತ್ತ ಒಂದು ರಬ್ಬರ್ ಸೀಲ್ ಇರುತ್ತದೆ. ಅದು ಗಟ್ಟಿಯಾದರೆ ಟ್ಯಾಪೆಟ್ ಕವರಿನೊಳಗಿನ ಆಯಿಲ್ ಗುಂಡಿಗೆ ಇಳಿದು ನಿಲ್ಲುತ್ತದೆ. ಇದಕ್ಕೂ ಎಂಜಿನ್ ಆಯಿಲ್ ಸುಡುವುದಕ್ಕೂ ಸಂಬಂಧ ಇಲ್ಲ. ಆದರೆ ಗುಂಡಿಯಲ್ಲಿ ಆಯಿಲ್ ಇರುವಾಗಲೇ ಪ್ಲಗ್ ತಿರುಗಿಸಿ ಎತ್ತಿದರೆ ಆ ಆಯಿಲ್ ಸೀದಾ ಸಿಲಿಂಡರಿಗೆ ಬೀಳುತ್ತದೆ, ಪ್ಲಗ್ಗಿನ ಮೂತಿಯೂ ಒದ್ದೆಯಾಗುತ್ತದೆ. ಆಮೇಲೆ ಆ ಪ್ಲಗ್ ನೋಡಿ ಏನು ತೀರ್ಮಾನ ಮಾಡಿದರೂ ಸುಳ್ಳೇ.

ಟಾರ್ಚ್ ಬಿಟ್ಟು ನೋಡಿದರೆ ಎರಡನೇ ಮತ್ತು ಮೂರನೇ ಗುಂಡಿಯಲ್ಲಿ ಆಯಿಲ್ ಮಿನುಗುತ್ತಿತ್ತು. ಮೆಡಿಕಲ್ ಸ್ಟೋರಿನ ದೊಡ್ಡ ಸಿರಿಂಜಿಗೆ ತೆಳು ಪೈಪ್ ಸಿಕ್ಕಿಸಿ ಎಳೆದೆ. ಉಳಿದದ್ದನ್ನು ಸ್ಕ್ರೂಡ್ರೈವರಿಗೆ ಬನಿಯನ್ ಬಟ್ಟೆ ಸುತ್ತಿ ಒರೆಸಿದೆ. ಆಮೇಲೆಯೇ ಪ್ಲಗ್‌ಗಳನ್ನು ಬಿಚ್ಚಿದ್ದು. ಎರಡನೇ ಪ್ಲಗ್ಗಿನ ಮೇಲ್ಭಾಗ ಎಣ್ಣೆ ಎಣ್ಣೆ, ಮೂತಿ ಮಾತ್ರ ಒಣಗಿತ್ತು. ಅಂದರೆ ಅಲ್ಲಿ ಬರೀ ಗುಂಡಿಯ ಸೀಲ್ ಹೋಗಿದೆ. ಮೂರನೇದು ಮೇಲೂ ಒದ್ದೆ, ಕೆಳಗೂ ಒದ್ದೆ. ಮೇಲಿನದು ಸೀಲಿನ ತಪ್ಪು, ಕೆಳಗಿನದು ಬೇರೆ ಯಾರದೋ.

ಇಂಥ ಪ್ಲಗ್ ಯಾಕೆ ಮಿಸ್ ಹೊಡೆಯುತ್ತದೆ ಅಂದರೆ, ಸುಟ್ಟ ಆಯಿಲ್ ಪಿಂಗಾಣಿ ಮೇಲೆ ಕರಕಲಾಗಿ ಕೂರುತ್ತದೆ. ಆ ಕರಕಲಿನಲ್ಲಿ ಕರೆಂಟ್ ಹರಿಯುತ್ತದೆ. ಕಾಯಿಲ್ ಕಳಿಸಿದ ವೋಲ್ಟೇಜು ಎಲೆಕ್ಟ್ರೋಡ್ ಸಂದಿಯಲ್ಲಿ ಕಿಡಿಯಾಗುವ ಬದಲು ಕರಕಲಿನ ಮೇಲೆ ಹರಿದು ಸುಮ್ನೆ ಎಂಜಿನ್ನಿನ ಲೋಹಕ್ಕೆ ಇಳಿದುಬಿಡುತ್ತದೆ. ಪ್ಲಗ್ಗಿನ ಮೂತಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇಂಥ ಕೊಳೆಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಅಷ್ಟು ಬಿಸಿಯಾಗುವ ಅವಕಾಶವೇ ಕಮ್ಮಿ. ಚಿಕ್ಕಪ್ಪನ ಓಡಾಟ ಅಂಥದ್ದೇ ಆಗಿತ್ತು. ಮನೆ, ಮಾರ್ಕೆಟ್ಟು, ತೋಟ, ಮನೆ.

ಒಬ್ಬರು "ಒಂದ್ ನಂಬರ್ ಬಿಸಿ ಪ್ಲಗ್ ಹಾಕಿ, ಸರಿಹೋಗುತ್ತೆ" ಅಂದರು. ಬಿಸಿ ಪ್ಲಗ್ ಅಂದರೆ ಮೂತಿಯ ಶಾಖ ಬೇಗ ಹೆಡ್ಡಿಗೆ, ಅಂದರೆ ಎಂಜಿನ್ನಿನ ತಲೆಭಾಗಕ್ಕೆ, ಇಳಿಯದ ಪ್ಲಗ್. ಅದು ಕೊಳೆಯನ್ನು ಚೆನ್ನಾಗಿ ಸುಡುತ್ತದೆ, ನಿಜ. ಆದರೆ ಆಯಿಲ್ ಬರುವುದು ನಿಲ್ಲುವುದಿಲ್ಲ, ಜೊತೆಗೆ ಹೈವೇಯಲ್ಲಿ ಮೂತಿ ಅತಿಯಾಗಿ ಕಾದು ಕಿಡಿಗೆ ಮುಂಚೆಯೇ ಮಿಶ್ರಣ ಹತ್ತಿಕೊಳ್ಳುವ ಭಯ. ಮ್ಯಾನುವಲ್ ಹೇಳಿದ ನಂಬರಿನದೇ ಹೊಸ ಸೆಟ್ ತಂದೆ. ಹಳೇ ನಾಲ್ಕಕ್ಕೂ ಟೇಪ್ ಸುತ್ತಿ ಸಿಲಿಂಡರ್ ನಂಬರ್ ಬರೆದು ಡಬ್ಬಿಯಲ್ಲಿ ಇಟ್ಟೆ. ಆಮೇಲೆ ಹೋಲಿಸಿ ನೋಡಲು ಬೇಕಾಗುತ್ತವೆ. ಕಬ್ಬಿಣದ ಬ್ರಷ್ಷಿನಲ್ಲಿ ಉಜ್ಜಿ ಅವನ್ನೇ ಮತ್ತೆ ಹಾಕುವವರಿದ್ದಾರೆ. ಬ್ರಷ್ಷಿನ ಲೋಹ ಪಿಂಗಾಣಿ ಮೇಲೆ ಗೆರೆಯಾಗಿ ಉಳಿದು, ಅದರಲ್ಲೂ ಕರೆಂಟ್ ಹರಿಯುತ್ತದೆ.

ಎಷ್ಟು ಕುಡಿಯುತ್ತಿದೆ?

"ಜಾಸ್ತಿ ಕುಡಿಯುತ್ತೆ" ಅಂದರೆ ಎಷ್ಟು? ಇದಕ್ಕೆ ಡಿಪ್‌ಸ್ಟಿಕ್ ಬಿಟ್ಟರೆ ಬೇರೆ ಉಪಕರಣ ಬೇಕಿಲ್ಲ. ಶಿಸ್ತು ಮಾತ್ರ ಬೇಕು. ನಮ್ಮ ಮನೆ ಮುಂದಿನ ಜಾಗ ಇಳಿಜಾರು. ಹಾಗಾಗಿ ಬೀದಿಯ ಸಮತಟ್ಟಾದ ಒಂದು ಜಾಗ ಗುರುತು ಮಾಡಿಕೊಂಡೆ. ಪ್ರತಿ ಸಲ ಅದೇ ಜಾಗ, ಬೆಳಗ್ಗೆ ಎಂಜಿನ್ ತಣ್ಣಗಿರುವಾಗ, ಎರಡು ಸಲ ಒರೆಸಿ ನೋಡುವುದು. ಕಮ್ಮಿಯಾದರೆ ಅಳತೆ ಲೋಟದಲ್ಲಿ 100 ಮಿ.ಲೀ. ಲೆಕ್ಕದಲ್ಲಿ ಹಾಕಿ ಅದೇ ಗೆರೆಗೆ ತರುವುದು. ಕಿಲೋಮೀಟರ್ ಮತ್ತು ಮಿ.ಲೀ. ಬರೆದಿಡುವುದು.

ಲೆಕ್ಕ ಬಂದದ್ದು 1,000 ಕಿ.ಮೀ.ಗೆ ಸುಮಾರು 700 ಮಿ.ಲೀ. ಕೆಲವು ಕಂಪನಿಗಳ ಮ್ಯಾನುವಲ್ ಓದಿದರೆ 1,000 ಕಿ.ಮೀ.ಗೆ ಒಂದು ಲೀಟರ್‌ವರೆಗೆ ಪರವಾಗಿಲ್ಲ ಅನ್ನುತ್ತವೆ. ಅದು ವಾರಂಟಿ ಜಗಳ ತಪ್ಪಿಸಿಕೊಳ್ಳಲು ಇಟ್ಟುಕೊಂಡ ಗೆರೆ ಅಂತ ನನ್ನ ಭಾವನೆ. ಚಿಕ್ಕ ಎಂಜಿನ್‌ಗೆ 700 ಜಾಸ್ತಿಯೇ.

ಇಲ್ಲಿ ಒಂದು ತಮಾಷೆ ಇದೆ. ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದರೆ, "ಅದು ಆಯಿಲ್ಲೇ ಕುಡ್ಯಲ್ಲ ಕಣ್ಲಾ. ನಾನ್ ಯಾವತ್ತೂ ಮೇಲ್ ಹಾಕಿದ್ದೇ ಇಲ್ಲ. ನೀನೇ ಏನೋ ಮಾಡಿದೀಯ" ಅಂದರು. ಅವರು ಸುಳ್ಳು ಹೇಳುವವರಲ್ಲ. ಆದರೆ ಗಾಡಿ ಎಕ್ಸ್‌ಪ್ರೆಸ್‌ವೇ ಮೇಲೆ ಮಂಡ್ಯದಿಂದ ಮೈಸೂರಿಗೆ ಬಂದು, ಬೆಂಗಳೂರಿಗೂ ಹೋಗಿ ಬಂದ ಮೇಲೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗೆ ಹೋಗಿತ್ತು. ಎರಡೂ ನಿಜ. ಹೇಗೆಂದರೆ, ತಣ್ಣನೆ ಎಂಜಿನ್‌ಗೆ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಅದರಲ್ಲಿ ಸ್ವಲ್ಪ ಸುಡದೆ ಸಿಲಿಂಡರ್ ಗೋಡೆಯಿಂದ ಜಾರಿ ಕೆಳಗಿನ ಆಯಿಲ್‌ಗೆ ಸೇರುತ್ತದೆ. ಎಂಜಿನ್ ಪೂರ್ತಿ ಕಾಯುವ ಮುಂಚೆಯೇ ಮನೆ ಬಂದರೆ ಆ ಪೆಟ್ರೋಲ್ ಆವಿಯಾಗುವುದಿಲ್ಲ. ಒಂದು ಕಡೆ ಆಯಿಲ್ ಸುಟ್ಟು ಹೋಗುತ್ತದೆ, ಇನ್ನೊಂದು ಕಡೆ ಪೆಟ್ರೋಲ್ ಬಂದು ಸೇರುತ್ತದೆ. ಡಿಪ್‌ಸ್ಟಿಕ್ ಗೆರೆ ಅಲ್ಲಾಡುವುದೇ ಇಲ್ಲ. ಹೈವೇಯಲ್ಲಿ ಒಂದು ಗಂಟೆ ಚೆನ್ನಾಗಿ ಕಾದಾಗ ಪೆಟ್ರೋಲೆಲ್ಲ ಹಾರಿ ನಿಜವಾದ ಮಟ್ಟ ಹೊರಗೆ ಬರುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿದರೆ ಪೆಟ್ರೋಲ್ ವಾಸನೆ ಹೊಡೆದರೆ ಇದೇ ಕಥೆ. ಆದ್ದರಿಂದ ಲೆಕ್ಕ ಶುರು ಮಾಡುವ ಮುಂಚೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ್ದೆ. ಮ್ಯಾನುವಲ್ ಹೇಳಿದ ಗ್ರೇಡಿನದೇ. 20ಡಬ್ಲ್ಯು-50 ಥರದ ಮಂದ ಆಯಿಲ್ ಹಾಕಿ ಹೊಗೆ ಮುಚ್ಚುವುದು ಗಾಡಿ ಮಾರುವವರ ಉಪಾಯ.

ಹೊರಗಿನ ಸೋರಿಕೆ ಬೇಗ ಮುಗಿಯಿತು. ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿಟ್ಟೆ, ಬೆಳಗ್ಗೆ ಒಂದು ಹನಿಯೂ ಇಲ್ಲ. ಕ್ರ್ಯಾಂಕ್ ಸೀಲ್, ಫಿಲ್ಟರ್ ಬುಡ, ಗೇರ್‌ಬಾಕ್ಸ್ ಸೇರುವ ಜಾಗ ಎಲ್ಲವೂ ಒಣ.

ಪಿಸಿವಿ ವಾಲ್ವ್

ಪಿಸ್ಟನ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಕೆಳಗೆ ನುಗ್ಗುವುದು ಹೊಸ ಎಂಜಿನ್‌ನಲ್ಲೂ ಇದ್ದದ್ದೇ. ಆ ಗ್ಯಾಸನ್ನು ಮತ್ತೆ ಇನ್‌ಟೇಕ್‌ಗೆ ಕಳಿಸಿ ಸುಡಿಸುವ ದಾರಿಯಲ್ಲಿ ಇರುವ ಚಿಕ್ಕ ವಾಲ್ವ್ ಇದು. ಮುಚ್ಚಿದಂತೆಯೇ ಕಟ್ಟಿಕೊಂಡರೆ ಎಂಜಿನ್ ಹೊಟ್ಟೆಯಲ್ಲಿ ಒತ್ತಡ ಏರಿ ಆಯಿಲ್ಲನ್ನು ಸಿಕ್ಕ ಸೀಲಿನಲ್ಲೆಲ್ಲ ನೂಕುತ್ತದೆ. ತೆರೆದಂತೆಯೇ ಕಚ್ಚಿಕೊಂಡರೆ ಮ್ಯಾನಿಫೋಲ್ಡ್ ಆಯಿಲ್ ಮಂಜನ್ನು ಎಳೆದು ಕುಡಿಯುತ್ತದೆ.

ಟ್ಯಾಪೆಟ್ ಕವರಿನಿಂದ ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿದೆ. ಸರಿಯಿದ್ದರೆ ಒಳಗಿನ ತುಂಡು ಟಕಟಕ ಅನ್ನಬೇಕು. ಇದು ಮೌನ. ಊದಿದರೆ ಎರಡೂ ಕಡೆಯಿಂದ ಸಲೀಸಾಗಿ ಗಾಳಿ. ತೆರೆದೇ ಕಚ್ಚಿಕೊಂಡಿತ್ತು. ಥ್ರಾಟಲ್ ಬಾಡಿ ಬಿಚ್ಚಿ ಒಳಗೆ ಬೆರಳು ಹಾಕಿದರೆ ಎಣ್ಣೆ ಅಂಟಿತು.

ಹೊಸದು ಹಾಕಿದೆ, ಥ್ರಾಟಲ್ ಬಾಡಿ ತೊಳೆದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಇಲ್ಲಿ ತಾಳ್ಮೆ ಬೇಕು. ಪಿಸಿವಿಯೂ ಹೊಸದು, ಸೀಲೂ ಹೊಸದು, ಆಯಿಲೂ ಬೇರೆ ಅಂತ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ಜನ್ಮದಲ್ಲಿ ಗೊತ್ತಾಗುವುದಿಲ್ಲ. ಮತ್ತೆ ಓಡಿಸಿ ಅಳೆದಾಗ ಲೆಕ್ಕ 500ರ ಹತ್ತಿರಕ್ಕೆ ಇಳಿದಿತ್ತು. ಸ್ವಲ್ಪ ಪಾಲು ಪಿಸಿವಿಯದು, ಸರಿ. ಆದರೆ ಬೆಳಗಿನ ಹೊಗೆ ಹಾಗೇ ಇತ್ತು. ಮೂರನೇ ಪ್ಲಗ್ ಹೊಸದೂ ಒದ್ದೆಯಾಗಲು ಶುರುವಾಗಿತ್ತು. ಪಿಸಿವಿ ಮೂಲಕ ಬರುವ ಆಯಿಲ್ ಸಾಮಾನ್ಯವಾಗಿ ಹಲವು ಸಿಲಿಂಡರಿಗೆ ಹಂಚಿಹೋಗುತ್ತದೆ. ಒಂದೇ ಸಿಲಿಂಡರ್ ಇಷ್ಟು ಒದ್ದೆಯಾಗಬೇಕಾದರೆ ಕಾರಣ ಆ ಸಿಲಿಂಡರಿನಲ್ಲೇ ಇರಬೇಕು.

ಚಾಮುಂಡಿ ಬೆಟ್ಟದ ಪರೀಕ್ಷೆ

ರಿಂಗೋ ವಾಲ್ವ್ ಸೀಲೋ ಅಂತ ತಿಳಿಯಲು ಹೊಗೆಯ ಬಣ್ಣ ಸಾಲದು, ಹೊಗೆ ಬರುವ ಹೊತ್ತು ನೋಡಬೇಕು. ಅದಕ್ಕೆ ಮೈಸೂರಿನವರಿಗೆ ಒಂದು ಅನುಕೂಲ ಇದೆ. ಏರು, ಇಳಿಜಾರು, ತಿರುವು ಎಲ್ಲ ಇರುವ ರಸ್ತೆ ಊರಿಗೆ ಅಂಟಿಕೊಂಡೇ ಇದೆ. ಬೇರೆ ಊರಿನಲ್ಲಾದರೆ ಇದಕ್ಕೆ ಘಾಟಿ ಹುಡುಕಬೇಕು.

ಬೆಟ್ಟ ಹತ್ತುವಾಗ ಎಂಜಿನ್ ಮೇಲೆ ಭಾರ. ಥ್ರಾಟಲ್ ತೆರೆದಿರುತ್ತದೆ, ಸಿಲಿಂಡರಿನಲ್ಲಿ ಒತ್ತಡ ಜಾಸ್ತಿ, ಮ್ಯಾನಿಫೋಲ್ಡಿನಲ್ಲಿ ಎಳೆತ ಕಮ್ಮಿ. ರಿಂಗ್ ಸವೆದಿದ್ದರೆ ಆಗ ಹೊಗೆ ಬಿಡದೆ ಬರುತ್ತದೆ. ಇಳಿಯುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಥ್ರಾಟಲ್ ಮುಚ್ಚಿರುತ್ತದೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಆಗ ಮ್ಯಾನಿಫೋಲ್ಡಿನ ಎಳೆತ ಅತಿ ಜಾಸ್ತಿ. ವಾಲ್ವ್ ಸೀಲ್ ಸಡಿಲವಾಗಿದ್ದರೆ ಮೇಲಿನ ಆಯಿಲ್ ಕಡ್ಡಿಯ ಪಕ್ಕದಿಂದ ಎಳೆದುಕೊಂಡು ಇಳಿಯುತ್ತದೆ. ಇಳಿಜಾರು ಮುಗಿದು ಮತ್ತೆ ಆಕ್ಸಿಲರೇಟರ್ ಒತ್ತಿದ ಕ್ಷಣಕ್ಕೆ ಸೇರಿಕೊಂಡದ್ದೆಲ್ಲ ಒಟ್ಟಿಗೆ ಸುಟ್ಟು ಒಂದು ನೀಲಿ ಮೋಡ ಏಳುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಂದು ಎರಡು ನಿಮಿಷಕ್ಕೆ ನಿಲ್ಲುವ ಹೊಗೆಯೂ ಸೀಲಿನದೇ ಲಕ್ಷಣ. ರಾತ್ರಿಯಿಡೀ ಹೆಡ್ಡಿನ ಮೇಲೆ ನಿಂತ ಆಯಿಲ್ ಒಂದೊಂದೇ ಹನಿ ಜಾರಿರುತ್ತದೆ.

ನನ್ನ ತಮ್ಮ ಬೈಕಿನಲ್ಲಿ ಹಿಂದೆ ಬಂದ, ಅವನ ಗೆಳೆಯ ಹಿಂದೆ ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ. ರಸ್ತೆ ಖಾಲಿ ಇರುವ ಬೆಳಗಿನ ಜಾವ ನೋಡಿಕೊಂಡು ಹೋಗಬೇಕು. ಮಂಗಳವಾರ, ಶುಕ್ರವಾರ ಬೇಡ. ಆಷಾಢ ಶುಕ್ರವಾರಗಳಲ್ಲಿ ಖಾಸಗಿ ಗಾಡಿಗಳನ್ನು ಮೇಲೆ ಬಿಡುವುದೂ ಕಷ್ಟ. ಬ್ರೇಕ್ ಕೆಲಸ ಮಾಡುತ್ತಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ಇಗ್ನಿಷನ್ ಮಾತ್ರ ಯಾವ ಕಾರಣಕ್ಕೂ ಆಫ್ ಮಾಡಬೇಡಿ.

ವಿಡಿಯೋದಲ್ಲಿ ಎಲ್ಲ ಸ್ಪಷ್ಟ. ಹತ್ತುವಾಗ ಸೈಲೆನ್ಸರ್ ಶುಭ್ರ. ಇಳಿಯುವಾಗಲೂ ಏನೂ ಇಲ್ಲ. ಕೆಳಗೆ ಸಮತಟ್ಟಿಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಬೈಕಿನವರು ಕೆಮ್ಮುವಷ್ಟು ನೀಲಿ ಹೊಗೆ. ಆಮೇಲೆ ಮತ್ತೆ ಶುಭ್ರ.

ಕಂಪ್ರೆಷನ್

ಬೆಟ್ಟ ಸೀಲಿನ ಕಡೆ ಕೈ ತೋರಿಸಿತು ಅಂತ ರಿಂಗನ್ನು ಬಿಟ್ಟುಬಿಡುವ ಹಾಗಿಲ್ಲ, ಎರಡೂ ಹೋಗಿರಬಹುದು. ಬನ್ನಿಮಂಟಪದ ಕಡೆ ಗ್ಯಾರೇಜ್ ಇಟ್ಟಿರುವ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ನಾನು ಅಣ್ಣ ಅಂತಲೇ ಕರೆಯುವುದು. ಸಿಲಿಂಡರಿನಲ್ಲಿ ಎಷ್ಟು ಒತ್ತಡ ಏಳುತ್ತದೆ ಅಂತ ತೋರಿಸುವ ಅವರ ಕಂಪ್ರೆಷನ್ ಗೇಜ್ ತಂದೆ.

ಎಂಜಿನ್ ಕಾದಿರಬೇಕು. ನಾಲ್ಕೂ ಪ್ಲಗ್ ಹೊರಗೆ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಕಾಯಿಲ್ ಕನೆಕ್ಟರ್ ಬಿಡಿಸಬೇಕು. ಒಬ್ಬರು ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು, ಮುಳ್ಳು ಏರುವುದು ನಿಲ್ಲುವವರೆಗೆ. ಆಕ್ಸಿಲರೇಟರ್ ಒತ್ತದೆ ನೋಡಿದರೆ ಗಾಳಿಯೇ ಸಾಲದೆ ಎಲ್ಲ ಸಿಲಿಂಡರೂ ಸತ್ತಂತೆ ಕಾಣುತ್ತವೆ.

ಬಂದದ್ದು ಹೀಗೆ: ಒಂದರಲ್ಲಿ 160 ಪಿಎಸ್‌ಐ, ಎರಡರಲ್ಲಿ 158, ಮೂರರಲ್ಲಿ 150, ನಾಲ್ಕರಲ್ಲಿ 162. ಮ್ಯಾನುವಲ್‌ನಲ್ಲಿ ಇದಕ್ಕಿಂತ ಜಾಸ್ತಿ ಇತ್ತು. ಅದಕ್ಕೆ ಗಾಬರಿ ಬೇಡ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಶೇ. 9ರಷ್ಟು ಕಮ್ಮಿ. ಗೇಜ್ ಕೂಡ ಅಷ್ಟು ಕಮ್ಮಿ ತೋರಿಸುತ್ತದೆ. ಮುಖ್ಯವಾದದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಹಲವು ಮ್ಯಾನುವಲ್‌ಗಳು 14 ಪಿಎಸ್‌ಐ, ಅಂದರೆ ಒಂದು ಬಾರ್‌ನವರೆಗೆ ಒಪ್ಪುತ್ತವೆ. ಇದು ಅದರೊಳಗೇ ಇತ್ತು.

ಆಮೇಲೆ ಮೂರನೇದಕ್ಕೆ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ಸೆಲ್ಫ್. ರಿಂಗ್ ಸವೆದಿದ್ದರೆ ಆ ಆಯಿಲ್ ಸಂದಿ ಮುಚ್ಚಿ ಮುಳ್ಳು ಜಿಗಿಯಬೇಕು. 150 ಇದ್ದದ್ದು 158 ಆಯಿತು, ಅಷ್ಟೇ. ಸ್ವಲ್ಪ ಸವೆದಿದೆ, ಸತ್ತಿಲ್ಲ.

ಆದರೂ ಇಲ್ಲಿ ಒಂದು ಮೋಸ ಇದೆ, ಅಣ್ಣನೇ ಎಚ್ಚರಿಸಿದ್ದು. ಪಿಸ್ಟನ್ನಿನಲ್ಲಿ ಮೂರು ರಿಂಗ್. ಮೇಲಿನ ಎರಡು ಒತ್ತಡ ಹಿಡಿಯುತ್ತವೆ, ಆಯಿಲ್ ಕೆರೆದು ಕೆಳಗೆ ಕಳಿಸುವುದು ಮೂರನೇದು. "ಆಯಿಲ್ ರಿಂಗ್ ಕಾರ್ಬನ್ ಕಟ್ಕೊಂಡು ಜಾಮ್ ಆದ್ರೆ ಕಂಪ್ರೆಷನ್ ಫುಲ್ ಇರುತ್ತೆ, ಆಯಿಲ್ಲೂ ಕುಡೀತಾನೇ ಇರುತ್ತೆ ಸಾರ್. ಗೇಜ್ ನಂಬಿ ಕೂರ್ಬೇಡಿ." ಸರಿಯಾದ ಮಾತು. ಅದಕ್ಕೇ ಕ್ಯಾಮೆರಾ ಬಿಟ್ಟು ನೋಡಿದ್ದು.

ಮೊಬೈಲಿಗೆ ಸಿಕ್ಕಿಸುವ ತೆಳು ಕ್ಯಾಮೆರಾ ಆನ್‌ಲೈನಿನಲ್ಲಿ ಕಮ್ಮಿ ದುಡ್ಡಿಗೆ ಸಿಗುತ್ತದೆ. ಚಿತ್ರ ಮಂಜು ಮಂಜು, ಆದರೆ ಸಾಕು. ರಿಂಗ್ ಕಡೆಯಿಂದ ಆಯಿಲ್ ಬರುತ್ತಿದ್ದರೆ ಪಿಸ್ಟನ್ ತಲೆಯ ಅಂಚಿನ ಸುತ್ತ ಕಾರ್ಬನ್ ತೊಳೆದುಹೋಗಿ ಲೋಹ ಕಾಣುತ್ತದೆ. ಮೂರನೇ ಪಿಸ್ಟನ್ನಿನ ಅಂಚಿನಲ್ಲಿ ಒಂದು ಕಡೆ ಮಾತ್ರ ಬೆರಳಗಲ ತೊಳೆದಿತ್ತು, ಉಳಿದದ್ದೆಲ್ಲ ಒಣ ಕಾರ್ಬನ್. ಇನ್‌ಟೇಕ್ ವಾಲ್ವ್‌ಗಳ ಕೆಳಗಿನ ಜಾಗ ಮಾತ್ರ ಒದ್ದೆ, ಹೊಳಪು. ಗೋಡೆಗೆ ಬೆಳಕು ಬಿಟ್ಟರೆ ಹೋನಿಂಗ್ ಮಾಡಿದ, ಅಂದರೆ ತಯಾರಿಸುವಾಗಲೇ ಉಜ್ಜಿ ಮೂಡಿಸಿದ, ಅಡ್ಡ ಗೆರೆಗಳು ಇನ್ನೂ ಕಾಣುತ್ತಿದ್ದವು. ಅಡ್ಡ ಗೆರೆ ಉಳಿದಿರುವ ಸಿಲಿಂಡರಿಗೆ ಬೋರ್ ಮಾಡಿಸಿ ಅಂದಿದ್ದರಲ್ಲ!

ಹಗ್ಗದ ಕೆಲಸ

ವಾಲ್ವ್ ಸೀಲ್ ಬದಲಿಸಲು ಹೆಡ್ ಇಳಿಸಲೇಬೇಕು ಅಂತಿಲ್ಲ. ತೊಂದರೆ ಒಂದೇ. ಸ್ಪ್ರಿಂಗ್ ಬಿಚ್ಚಿದರೆ ವಾಲ್ವ್ ಸಿಲಿಂಡರಿನೊಳಗೆ ಬೀಳುತ್ತದೆ. ಬೀಳದಂತೆ ಕೆಳಗಿನಿಂದ ಹಿಡಿಯಬೇಕು. ಕಂಪ್ರೆಸರಿನ ಗಾಳಿ ತುಂಬಿ ಹಿಡಿಯುವವರಿದ್ದಾರೆ. ನನಗೆ ಹಗ್ಗವೇ ಧೈರ್ಯ, ಕರೆಂಟ್ ಹೋದರೂ ಹಗ್ಗ ಬಿಡುವುದಿಲ್ಲ.

ಸಂತೇಪೇಟೆಯಲ್ಲಿ ನೈಲಾನ್ ಹಗ್ಗ ತಂದೆ, ಪ್ಲಗ್ ತೂತಿನಲ್ಲಿ ಸಲೀಸಾಗಿ ಹೋಗುವಷ್ಟು ದಪ್ಪದ್ದು. ತೆಂಗಿನ ನಾರಿನದು, ಸೆಣಬಿನದು ಬೇಡ, ನಾರು ಉದುರಿ ಒಳಗೆ ಉಳಿಯುತ್ತದೆ. ತುದಿಗೆ ಬೆಂಕಿ ತಾಗಿಸಿ ಕರಗಿಸಿ ಗಟ್ಟಿ ಮಾಡಿಕೊಂಡೆ. ಇನ್ನೊಂದು ತುದಿಗೆ ದೊಡ್ಡ ಗಂಟು, ಪೂರ್ತಿ ಒಳಗೆ ಹೋಗಬಾರದಲ್ಲ.

ಟ್ಯಾಪೆಟ್ ಕವರ್ ಬಿಚ್ಚಿ, ವಾಲ್ವ್ ಒತ್ತುವ ರಾಕರ್‌ಗಳಿರುವ ರಾಕರ್ ಶಾಫ್ಟ್‌ಗಳನ್ನು ಎತ್ತಿದರೆ ಈ ಎಂಜಿನ್‌ನಲ್ಲಿ ಸ್ಪ್ರಿಂಗ್‌ಗಳು ಕೈಗೆ ಸಿಗುತ್ತವೆ. ಕ್ಯಾಮ್ ಇದ್ದಲ್ಲೇ ಇರುತ್ತದೆ, ಟೈಮಿಂಗ್ ಬೆಲ್ಟ್ ಮುಟ್ಟಬೇಕಿಲ್ಲ. ಎಲ್ಲ ಎಂಜಿನ್ನೂ ಹೀಗಲ್ಲ, ಕ್ಯಾಮ್ ತೆಗೆಯಲೇಬೇಕಾದವೂ ಇವೆ. ರಾಕರ್ ಇಲ್ಲದಿದ್ದರೆ ಎಲ್ಲ ವಾಲ್ವ್‌ಗಳೂ ಮುಚ್ಚಿಯೇ ಇರುತ್ತವೆ. ಪಿಸ್ಟನ್ ಕೆಳಗಿರುವಾಗ ಹಗ್ಗ ತುಂಬಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿದೆ. ಪಿಸ್ಟನ್ ಏರಿ ಹಗ್ಗವನ್ನು ವಾಲ್ವ್‌ಗಳಿಗೆ ಒತ್ತಿ ಹಿಡಿದಾಗ ಸ್ಪ್ಯಾನರ್ ಮೆತ್ತಗೆ ನಿಲ್ಲುತ್ತದೆ. ಅಲ್ಲಿಗೆ ಬಿಡಬೇಕು, ಬಲ ಹಾಕಬಾರದು.

ಮುಂದಿನದು ವಾಲ್ವ್ ಲಾಕ್, ಸ್ಪ್ರಿಂಗ್ ತಟ್ಟೆಯನ್ನು ವಾಲ್ವ್ ಕಡ್ಡಿಗೆ ಹಿಡಿದಿಡುವ ಚೂರು. ಒಂದು ವಾಲ್ವಿಗೆ ಎರಡರಂತೆ 32 ಲಾಕ್, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡವು ಅಷ್ಟೇ. ಕೈ ಜಾರಿದರೆ ಸೀದಾ ಆಯಿಲ್ ಇಳಿಯುವ ತೂತಿನಲ್ಲಿ ಮಾಯ. ಮೊದಲೇ ಆ ತೂತುಗಳಿಗೆಲ್ಲ ಬಟ್ಟೆ ತುರುಕಿದೆ. ಸ್ಪ್ರಿಂಗ್ ತಟ್ಟೆಯ ಮೇಲೆ ಸಾಕೆಟ್ ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಒಂದು ಏಟು ಕೊಟ್ಟರೆ ಕಚ್ಚಿಕೊಂಡ ಲಾಕ್ ಸಡಿಲವಾಗುತ್ತದೆ. ಆಮೇಲೆ ಕಂಪ್ರೆಸರ್ ಟೂಲಿನಿಂದ ಸ್ಪ್ರಿಂಗ್ ಒತ್ತಿ, ಮ್ಯಾಗ್ನೆಟ್ ಕಡ್ಡಿಯಲ್ಲಿ ಲಾಕ್ ಎತ್ತಿಕೊಳ್ಳುವುದು.

ಹಳೇ ಸೀಲ್‌ಗಳನ್ನು ಪ್ಲಯರಿನಲ್ಲಿ ತಿರುಚಿ ಎಳೆದೆ. ಹೊಸ ಸೀಲನ್ನು ಬೆರಳಲ್ಲಿ ಒತ್ತಿದರೆ ಬಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಹಳೇದನ್ನು ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ಮೂರನೇ ಸಿಲಿಂಡರಿನ ಇನ್‌ಟೇಕಿನ ಎರಡರಲ್ಲಿ ಒಂದರ ತುಟಿಯೇ ಸೀಳಿತ್ತು, ಇನ್ನೊಂದು ಗೈಡಿನ (ಕಡ್ಡಿ ಜಾರುವ ಕೊಳವೆ) ಮೇಲೆ ಬಿಗಿಯಾಗಿ ಕೂರದೆ ಕಡ್ಡಿಯ ಜೊತೆಗೇ ಮೇಲೆ ಕೆಳಗೆ ಓಡಾಡುತ್ತಿತ್ತು. ಒಂದೇ ಪ್ಲಗ್ ಯಾಕೆ ಒದ್ದೆ ಅನ್ನುವುದಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಹಗ್ಗ ಸ್ವಲ್ಪ ಸಡಿಲಿಸಿ ಕಡ್ಡಿಯನ್ನು ಅಡ್ಡಡ್ಡ ಅಲ್ಲಾಡಿಸಿ ನೋಡಿದೆ. ಗೈಡ್ ಸವೆದಿದ್ದರೆ ಹೊಸ ಸೀಲ್ ಹಾಕಿದರೂ ಬೇಗ ಹಾಳಾಗುತ್ತದೆ, ಆಗ ಹೆಡ್ ಇಳಿಸಿ ಲೇತಿಗೆ ಕೊಡದೆ ವಿಧಿ ಇಲ್ಲ. ಆಟ ಇತ್ತು, ಆದರೆ ಉಳಿದ ಸಿಲಿಂಡರುಗಳಲ್ಲಿ ಇದ್ದಷ್ಟೇ.

ಹೊಸ ಸೀಲ್ ಇಳಿಸುವಾಗ ಕಡ್ಡಿಯ ತುದಿಯಲ್ಲಿ ಲಾಕ್ ಕೂರುವ ತೋಡಿನ ಅಂಚು ಚೂಪಾಗಿರುತ್ತದೆ, ಸೀಲಿನ ತುಟಿ ಹರಿಯಬಹುದು. ತೆಳು ಪ್ಲಾಸ್ಟಿಕ್ಕನ್ನು ಕಡ್ಡಿಯ ತುದಿಗೆ ಸುತ್ತಿ, ಆಯಿಲ್ ಸವರಿ, ಅದರ ಮೇಲೆ ಜಾರಿಸಿ, ಆಮೇಲೆ ಪ್ಲಾಸ್ಟಿಕ್ ಎಳೆದುಕೊಂಡೆ. ಸರಿಯಾದ ಅಳತೆಯ ಸಾಕೆಟ್ಟಿನಲ್ಲಿ ಒತ್ತಿದಾಗ ಟಕ್ ಅಂತ ಕೂತದ್ದು ಕೈಗೆ ತಿಳಿಯುತ್ತದೆ. ಇನ್‌ಟೇಕಿಗೂ ಎಕ್ಸಾಸ್ಟಿಗೂ ಸೀಲ್ ಬೇರೆ ಬೇರೆ ಇರಬಹುದು, ಪ್ಯಾಕೆಟ್ ನೋಡಿ ಹಾಕಿ. ಸ್ಪ್ರಿಂಗಿನಲ್ಲಿ ಸುತ್ತುಗಳು ಒತ್ತೊತ್ತಾಗಿರುವ ಕಡೆ ಕೆಳಗೆ ಬರಬೇಕು. ಹೀಗೆ ಒಂದೊಂದೇ ಸಿಲಿಂಡರ್. ಬೆನ್ನು ನೋವಿನ ಬಗ್ಗೆ ಬರೆಯುವುದಿಲ್ಲ.

ಕೊನೆಗೆ ರಾಕರ್ ಕೂರಿಸಿ, ಫೀಲರ್ ಗೇಜಿನಲ್ಲಿ ಟ್ಯಾಪೆಟ್ ಸೆಟ್ ಮಾಡಿ, ಪ್ಲಗ್ ಗುಂಡಿಯ ಸೀಲ್ ಮತ್ತು ಟ್ಯಾಪೆಟ್ ಪ್ಯಾಕಿಂಗ್ ಹೊಸದು ಹಾಕಿದೆ. ಕವರ್ ಮುಚ್ಚುವ ಮುಂಚೆ ತೂತುಗಳಲ್ಲಿ ತುರುಕಿದ ಬಟ್ಟೆ ತುಂಡುಗಳನ್ನು ಎಣಿಸಿ ತೆಗೆಯಬೇಕು.

ಆಮೇಲೆ

ಮೊದಲ ಸ್ಟಾರ್ಟಿನಲ್ಲಿ ಮೊದಲಿಗಿಂತಲೂ ಜಾಸ್ತಿ ಹೊಗೆ ಬಂತು. ಅದು ನಿರೀಕ್ಷಿಸಿದ್ದೇ. ಪರೀಕ್ಷೆಗೆ ಬಿಟ್ಟ ಆಯಿಲ್, ಸೀಲಿಗೆ ಸವರಿದ ಆಯಿಲ್, ಸೈಲೆನ್ಸರಿನೊಳಗೆ ಹಿಂದಿನಿಂದ ಕೂತ ಆಯಿಲ್ ಎಲ್ಲ ಸುಡಬೇಕು. ರಿಂಗ್ ರೋಡಿನಲ್ಲಿ ಒಂದು ಸುತ್ತು ಬಂದ ಮೇಲೆ ನಿಂತಿತು. ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆ ಇಲ್ಲ. ಬೆಟ್ಟ ಇಳಿದು ಆಕ್ಸಿಲರೇಟರ್ ಒತ್ತಿದಾಗಲೂ ತಮ್ಮನ ಮೊಬೈಲಿನಲ್ಲಿ ಏನೂ ಬೀಳಲಿಲ್ಲ. ಸಿಗ್ನಲ್‌ನಲ್ಲಿ ನಡುಕ ಹೋಯಿತು.

ಡಿಪ್‌ಸ್ಟಿಕ್ ಲೆಕ್ಕ ಈಗ 1,000 ಕಿ.ಮೀ.ಗೆ 150 ಮಿ.ಲೀ. ಆಸುಪಾಸು. ಸೊನ್ನೆ ಆಗಲಿಲ್ಲ. ಮೂರನೇ ಪ್ಲಗ್ ಬಿಚ್ಚಿ ನೋಡಿದರೆ ಒಣಗಿದೆ, ಕಂದು ಬಣ್ಣ ಬಂದಿದೆ, ಒಂದು ಪಕ್ಕದಲ್ಲಿ ಮಾತ್ರ ತೆಳ್ಳಗೆ ಬೂದಿ ಕಟ್ಟಿದೆ. ಪಿಸ್ಟನ್ ಅಂಚಿನ ಆ ಬೆರಳಗಲ ಜಾಗವೂ ಸಿಲಿಂಡರಿಗೆ ಆಯಿಲ್ ಬಿಟ್ಟು ಅಳೆದಾಗ ಏರಿದ 8 ಪಿಎಸ್‌ಐಯೂ ಹೇಳಿದ್ದು ಇದನ್ನೇ. ಆ ಸಿಲಿಂಡರಿನ ರಿಂಗ್ ಪೂರ್ತಿ ಆರೋಗ್ಯವಾಗಿಲ್ಲ. ಇಷ್ಟಕ್ಕೆ ಎಂಜಿನ್ ಇಳಿಸುವುದು ದಂಡ. ಅಣ್ಣನೂ ಒಪ್ಪಿದರು. "ಇಷ್ಟ್ ಕುಡಿದ್ರೆ ಕುಡೀಲಿ ಬಿಡಿ ಸಾರ್, ಓಡ್ಸಿ" ಅಂದರು.

ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಗ್ಗೆ ಒಂದು ಅಳುಕು ಉಳಿದಿದೆ. ಎಂಜಿನ್ ಆಯಿಲ್‌ನಲ್ಲಿ ಸವೆತ ತಡೆಯಲು ಸತು ಮತ್ತು ರಂಜಕ ಹಾಕಿರುತ್ತಾರೆ. ಆಯಿಲ್ ಸುಟ್ಟಾಗ ರಂಜಕ ಕನ್ವರ್ಟರಿನ ಮೇಲೆ ಕೂತು ಅದರ ಶಕ್ತಿಯನ್ನು ಕೊಲ್ಲುತ್ತದೆ. ಮಿಸ್ಸಿಂಗ್‌ನಲ್ಲಿ ಸುಡದ ಪೆಟ್ರೋಲ್ ಹೋಗಿ ಅಲ್ಲಿ ಹತ್ತಿ ಉರಿದರೆ ಒಳಗಿನ ಜೇನುಗೂಡು ಕರಗಲೂಬಹುದು. ಎಮಿಷನ್ ಟೆಸ್ಟ್ ಸದ್ಯಕ್ಕೆ ಪಾಸಾಯಿತು.

ಚಿಕ್ಕಪ್ಪನಿಗೆ ವಿಷಯ ತಿಳಿದು ಗಾಡಿ ವಾಪಸ್ ಬೇಕು ಅಂದಿದ್ದಾರೆ, ತೋಟಕ್ಕೆ ಹೋಗಲು. ವಾರಕ್ಕೊಮ್ಮೆಯಾದರೂ ಮದ್ದೂರಿನವರೆಗೆ ಓಡಿಸಿಕೊಂಡು ಬನ್ನಿ, ಪ್ಲಗ್ ಕಾಯಬೇಕು, ಆಯಿಲ್‌ನಲ್ಲಿರುವ ಪೆಟ್ರೋಲ್ ಹಾರಬೇಕು ಅಂದೆ. "ಯಾಕ್ಲಾ, ವಡೆ ತಿನ್ನಕಾ?" ಅಂದರು. ಕೊಡಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಸದ್ಯಕ್ಕೆ ಡಿಕ್ಕಿಯಲ್ಲಿ ಒಂದು ಲೀಟರ್ ಆಯಿಲ್ ಡಬ್ಬ ಇದೆ. ಮೂರನೇ ಪ್ಲಗ್ ಮತ್ತೆ ಒದ್ದೆಯಾದರೆ, ಇಲ್ಲವೇ ಲೆಕ್ಕ 400 ದಾಟಿದರೆ ಆಗ ಹೆಡ್ ಬಿಚ್ಚುವುದು.